ಶರತ್ಕಾಲದ ಗುಂಬಳವೂ ಹಾಲುಸಾರೂ: ಗ್ರಾಮದ ಯಜಮಾನರಲ್ಲಿ ಒಂದು ಅರಿಕೆ

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆಯು ನಮ್ಮ ವಾಚಕರಾದ ಗ್ರಾಮದ ಯಜಮಾನರಿಗೂ ಹಿಡುವಳಿದಾರರಿಗೂ ಹೊಸದಲ್ಲ. ಈ ಲೇಖನದಲ್ಲಿ ಯಾರ ಮೇಲೂ ಕಳ್ಳತನದ ಆರೋಪವಿಲ್ಲ. ಆದರೆ ನಿಮ್ಮ ಹಿತ್ತಿಲಿನಲ್ಲಿ ಬೆಳೆದ ಸಿಹಿಗುಂಬಳವು ಈ ವರ್ಷ ಯಾರ ಹೊಟ್ಟೆಗೆ ಸೇರಿತೆಂದು ಕೇಳಿದರೆ, ನಮ್ಮಲ್ಲಿ ಅನೇಕರು ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದೀತು. ಆಯುಧಪೂಜೆಯ ದಿನ ದೃಷ್ಟಿ ತೆಗೆದು ಒಡೆಯುವ ಬೂದುಗುಂಬಳದ ವಿಷಯವನ್ನು ನಾನು ಹೇಳುತ್ತಿಲ್ಲ. ಕೆಲವು ಸೀಮೆಗಳಲ್ಲಿ ಚೀನಿಕಾಯಿಯೆಂದು ಕರೆಯಲ್ಪಡುವ, ಒಳಗೆ ಅರಿಸಿನ ಕೆಂಪು ತಿರುಳುಳ್ಳ ಸಿಹಿಗುಂಬಳವೇ ಇಲ್ಲಿಯ ವಿಷಯವು.

ಕಳೆದ ಕಾರ್ತಿಕ ಮಾಸದಲ್ಲಿ ನಾನು ಒಬ್ಬ ಅನುಕೂಲಸ್ಥ ಹಿಡುವಳಿದಾರರ ಮನೆಗೆ ಹೋಗಿದ್ದೆನು. ಅವರ ಅಂಗಳದ ಮೂಲೆಯಲ್ಲಿ ಮೂವತ್ತು ನಲವತ್ತು ಗುಂಬಳಕಾಯಿಗಳು ರಾಶಿ ಬಿದ್ದಿದ್ದವು. "ಇಷ್ಟನ್ನೂ ಏನು ಮಾಡುವಿರಿ?" ಎಂದು ಕೇಳಲು, ಅವರು ನಕ್ಕು, "ಮಾಡುವುದೇನು ಸ್ವಾಮಿ, ಮನೆಯವರಿಗೆ ಬೇಸರ ಬಂದಿದೆ, ಪೇಟೆಗೆ ಸಾಗಿಸಿದರೆ ಬಾಡಿಗೆಯೂ ಹುಟ್ಟುವುದಿಲ್ಲ, ಹೆಚ್ಚಿಸಿ ದನಗಳಿಗೆ ಹಾಕಿಸುತ್ತಿದ್ದೇನೆ" ಎಂದರು. ಸಂಜೆಯಾಗುತ್ತ ಬಂದಿತ್ತು. ಅವರ ಮನೆಯ ಕೆಲಸಕ್ಕೆ ಬರುತ್ತಿದ್ದ ಹೆಣ್ಣುಮಗಳ ನಾಲ್ಕು ವರ್ಷದ ಹುಡುಗನು ತಾಯಿಯ ಕಡೆಗೆ ಓಡಿ ಬಂದು ಆ ರಾಶಿಗೇ ಎಡವಿ ಬಿದ್ದನು. ತಾಯಿಯು ಅವನನ್ನು ಎತ್ತಿಕೊಂಡು, "ಹೊತ್ತು ಮುಳುಗಿದರೆ ಇವನಿಗೆ ಕಣ್ಣು ಮಂದ ಬುದ್ಧೀ" ಎಂದಳು. ಮಾರನೆಯ ದಿನವೇ ಹುಡುಗನನ್ನು ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಬೇಕೆಂದು ಹೇಳಿ, ಆ ಏರ್ಪಾಡನ್ನು ಯಜಮಾನರಿಗೇ ಒಪ್ಪಿಸಿ ಬಂದೆನು. ಅವರು ಒಳ್ಳೆಯವರು, ಮಾತಿನಂತೆ ನಡೆಸಿದರು. ಆದರೂ ಮಗುವು ಯಾವುದರ ಕೊರತೆಯಿಂದ ಎಡವಿತೋ ಅದೇ ವಸ್ತುವಿನ ರಾಶಿಯ ಮೇಲೆ ಬಿದ್ದಿತೆಂಬುದು ನನ್ನ ಮನಸ್ಸಿನಿಂದ ಹೋಗಲಿಲ್ಲ.

ಇರುಳುಗುರುಡಿಗೆ ಮುಖ್ಯ ಕಾರಣವು ಎ ಜೀವಸತ್ತ್ವದ ಕೊರತೆ. ಈ ಕೊರತೆಯು ಬಹುಕಾಲ ಮುಂದುವರಿದರೆ ಕಣ್ಣಿನ ಕರಿಗುಡ್ಡೆಯ ಮೇಲಿನ ಪೊರೆಯೇ ಕೆಟ್ಟು ದೃಷ್ಟಿಯು ಶಾಶ್ವತವಾಗಿ ಹೋಗುವುದುಂಟು; ಮಗುವಿಗೆ ಬೇರೆ ರೋಗಗಳನ್ನು ತಡೆಯುವ ಶಕ್ತಿಯೂ ಕುಂದುತ್ತದೆ. ಈ ಕಾರಣದಿಂದಲೇ ಭಾರತ ಸರ್ಕಾರವು 1970ರಲ್ಲಿ ಚಿಕ್ಕ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಎ ಜೀವಸತ್ತ್ವದ ದ್ರಾವಣವನ್ನು ಕುಡಿಸುವ ಏರ್ಪಾಡನ್ನು ಆರಂಭಿಸಿತು. ಅದು ಇಂದಿಗೂ ನಡೆಯುತ್ತಿದೆ. ಅದನ್ನು ತಪ್ಪಿಸದೆ ಕೊಡಿಸತಕ್ಕದ್ದು. ಆದರೆ ಔಷಧವು ಔಷಧವೇ. ದಿನದಿನದ ಅನ್ನದ ಕೆಲಸವನ್ನು ಅನ್ನವೇ ಮಾಡಬೇಕು. ಗುಂಬಳದ ತಿರುಳಿಗೆ ಬಣ್ಣ ಕೊಡುವ ಕೆರೊಟೀನೆಂಬ ದ್ರವ್ಯವನ್ನು ನಮ್ಮ ದೇಹವು ಎ ಜೀವಸತ್ತ್ವವನ್ನಾಗಿ ಮಾರ್ಪಡಿಸಿಕೊಳ್ಳುತ್ತದೆ. ತಿರುಳಿನ ಬಣ್ಣವು ಗಾಢವಾದಷ್ಟೂ ಸಾಮಾನ್ಯವಾಗಿ ಈ ದ್ರವ್ಯವು ಹೆಚ್ಚು.

ಇಲ್ಲಿ ವಾಚಕರು ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಕೆರೊಟೀನು ನೀರಿನಲ್ಲಿ ಕರಗುವ ವಸ್ತುವಲ್ಲ, ಜಿಡ್ಡಿನಲ್ಲಿ ಕರಗತಕ್ಕದ್ದು. ಗುಂಬಳವನ್ನು ಬರಿಯ ನೀರಿನಲ್ಲಿ ಬೇಯಿಸಿ ಜಿಡ್ಡಿಲ್ಲದೆ ಉಂಡರೆ ಅದರ ಬಹುಭಾಗವು ದೇಹಕ್ಕೆ ಹತ್ತದೆ ಹೋಗುತ್ತದೆ. ಚೆನ್ನಾಗಿ ಬೇಯಿಸಿ, ನುಣ್ಣಗೆ ಮಸೆದು, ತುಪ್ಪ, ಹಾಲು, ತೆಂಗಿನ ಹಾಲು, ಕಡಲೆಕಾಯಿ ಇವುಗಳಲ್ಲಿ ಯಾವುದಾದರೊಂದರ ಜಿಡ್ಡನ್ನು ಕೂಡಿಸಿದರೆ ಅದು ಸುಲಭವಾಗಿ ಮೈಗೂಡುತ್ತದೆ. ಆದುದರಿಂದ ಕೆನೆಗಟ್ಟಿದ ಗುಂಬಳದ ಸಾರೆಂದರೆ ಅದು ಸಿರಿವಂತರ ವಿಲಾಸವಲ್ಲ. ಆ ಕೆನೆಯಲ್ಲಿಯೇ ಅದರ ಗುಣವಿದೆ.

ಇಂತಹ ಸಾರನ್ನು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಪ್ರತಿ ಶರತ್ಕಾಲದಲ್ಲಿಯೂ ಮನೆಮನೆಗಳಲ್ಲಿ ಮಾಡುವರು. ಅಲ್ಲಿಯ ಒಕ್ಕಲಿಗರು ಬೇಸಗೆಯಲ್ಲಿ ಬೆಳೆದ ಗುಂಬಳವನ್ನು ಹಿಮ ಬೀಳುವುದಕ್ಕೆ ಮುಂಚೆ ಕೊಯ್ದು ಕೂಡಿಟ್ಟು, ಕಾವಿನಲ್ಲಿ ಸುಟ್ಟು, ಈರುಳ್ಳಿಯೊಡನೆ ಬೇಯಿಸಿ ಅರೆದು, ಹಾಲಿನ ಕೆನೆಯನ್ನು ಸೇರಿಸಿ ಬಿಸಿಬಿಸಿಯಾಗಿ ಕುಡಿಯುವರು. ಇದಕ್ಕೆ ಅವರು ಹೆಚ್ಚಾಗಿ ಉಪಯೋಗಿಸುವ ಬಟರ್‌ನಟ್ ಎಂಬ ತಳಿಯನ್ನು 1940ರ ದಶಕದಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಸ್ಟೋ ಎಂಬ ಊರಿನಲ್ಲಿ ಚಾರ್ಲ್ಸ್ ಲೆಗೆಟ್ ಎಂಬವರು ರೂಢಿಗೆ ತಂದರು. ಸಸ್ಯಶಾಸ್ತ್ರಜ್ಞರು ಅದನ್ನು ಕುಕುರ್ಬಿಟಾ ಮಸ್ಕಾಟಾ ಎಂಬ ಜಾತಿಗೆ ಸೇರಿಸಿರುವರು. ನಮ್ಮ ಹಿತ್ತಿಲಿನ ಸಿಹಿಗುಂಬಳವೂ ಬಹುಮಟ್ಟಿಗೆ ಅದೇ ಜಾತಿಯದು. ಈ ಕುಲದ ತವರು ಅಮೆರಿಕಾ ಖಂಡವೇ. 1492ರ ತರುವಾಯ ಸಮುದ್ರಮಾರ್ಗಗಳು ತೆರೆದ ಮೇಲೆ ಅದು ನಮ್ಮ ದೇಶಕ್ಕೆ ಬಂದಿತು. ಕಾಯಿ ಬಂದು ಶತಮಾನಗಳೇ ಕಳೆದುವು. ಅದರ ಒಂದು ಒಳ್ಳೆಯ ಅಡುಗೆಯು ಹಿಂದೆಯೇ ಬರುವುದಾದರೆ ನಾವು ಬಾಗಿಲು ಹಾಕಿಕೊಳ್ಳಬೇಕಾದ ಕಾರಣವಿಲ್ಲ.

ಅಮೆರಿಕಾದ ಬಳಿಯ ದ್ವೀಪರಾಜ್ಯವಾದ ಹೈಟಿಯಲ್ಲಿ ಇದೇ ಕುಲದ ಕಾಯಿಯಿಂದ ಮಾಡುವ ಸೂಪಿಗೆ ಒಂದು ಚರಿತ್ರೆಯೇ ಇದೆ. ಫ್ರೆಂಚರ ಆಳ್ವಿಕೆಯಲ್ಲಿ ಅಲ್ಲಿಯ ಗುಲಾಮರು ಗುಂಬಳವನ್ನು ಬೆಳೆದು, ಒಡೆಯರಿಗಾಗಿ ಸೂಪು ಮಾಡಿ ಬಡಿಸುತ್ತಿದ್ದರು. ತಾವು ಅದನ್ನು ಕುಡಿಯುವಂತಿರಲಿಲ್ಲವೆಂದು ಆ ಜನರು ಇಂದಿಗೂ ಹೇಳುವರು. 1804ನೆಯ ಜನವರಿ 1ರಂದು ದೇಶವು ಸ್ವತಂತ್ರವಾಯಿತು. ಅಂದಿನ ನೆನಪಿಗಾಗಿ ಪ್ರತಿ ವರ್ಷವೂ ಅದೇ ದಿನ ಎಲ್ಲರ ಮನೆಯಲ್ಲಿಯೂ ಆ ಸೂಪನ್ನು ಮಾಡಿ ಹಂಚಿಕೊಂಡು ಕುಡಿಯುವರು. 2021ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಪದ್ಧತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ನಮ್ಮ ಗ್ರಾಮಗಳ ಸ್ಥಿತಿಯನ್ನು ಅದಕ್ಕೆ ಹೋಲಿಸುವುದು ಸಲ್ಲದು. ಆದರೂ ಬೆಳೆದವನ ಮತ್ತು ಕೆಲಸ ಮಾಡಿದವನ ಮಗುವಿನ ಬಾಯಿಗೆ ಬೆಳೆಯ ಸಾರವು ಮುಟ್ಟಿತೇ ಎಂಬ ಪ್ರಶ್ನೆಯು ಎಲ್ಲ ದೇಶಗಳಿಗೂ ಒಂದೇ.

ಇನ್ನು ಮಾಡುವ ಕ್ರಮ. ಸೂಪೆಂಬ ಹೆಸರು ಅಪರಿಚಿತವೆನಿಸಿದರೆ ಹಾಲುಸಾರೆಂದೇ ಕರೆಯಬಹುದು. ಆರು ಜನರಿಗೆ ಸಿಪ್ಪೆ ಸಹಿತ ಒಂದು ಕಿಲೋ ತೂಕದ ಬಲಿತ ಗುಂಬಳದ ಹೋಳು, ಎರಡು ಈರುಳ್ಳಿ, ಒಂದು ಅಂಗುಲ ಹಸಿಶುಂಠಿ, ಎರಡು ಚಮಚ ತುಪ್ಪ, ಮುಕ್ಕಾಲು ಲೀಟರು ನೀರು, ಕಾಲು ಲೀಟರು ಗಟ್ಟಿ ಹಾಲು, ಸ್ವಲ್ಪ ಜೀರಿಗೆ, ಮೆಣಸಿನ ಪುಡಿಯ ಬದಲು ಕಾಳುಮೆಣಸು, ಉಪ್ಪು ಇಷ್ಟಿದ್ದರೆ ಸಾಕು. ಮೊದಲು ತಿರುಳಿನ ಒಂದು ಚೂರನ್ನು ಹಸಿಯಾಗಿಯೇ ನಾಲಗೆಗೆ ಮುಟ್ಟಿಸಿ ನೋಡತಕ್ಕದ್ದು. ಕಹಿಯಾಗಿದ್ದರೆ ಆ ಕಾಯಿಯಲ್ಲಿ ವಿಷಾಂಶವಿರುವುದರಿಂದ ಬೇಯಿಸಿದರೂ ತಿನ್ನಲಾಗದು, ಬಿಸಾಡಬೇಕು. ಸಿಹಿಯಾಗಿದ್ದರೆ ಸಿಪ್ಪೆ ಬೀಜಗಳನ್ನು ತೆಗೆದು ಹೋಳು ಮಾಡಿ, ಕಾದ ಕಾವಲಿಯ ಮೇಲೆ ಅಂಚುಗಳು ಕೆಂಪಗಾಗುವವರೆಗೆ ಬಾಡಿಸಬೇಕು. ಇದರಿಂದ ನೀರಿನಂಶವು ಇಂಗಿ ಸಿಹಿಯೂ ಪರಿಮಳವೂ ಹೆಚ್ಚುವುವು. ಪಾತ್ರೆಯಲ್ಲಿ ತುಪ್ಪ ಕಾಯಿಸಿ ಜೀರಿಗೆ, ಈರುಳ್ಳಿ, ಶುಂಠಿಗಳನ್ನು ಸಣ್ಣ ಉರಿಯಲ್ಲಿ ಮೆತ್ತಗಾಗುವಂತೆ ಹುರಿದು, ಹೋಳನ್ನೂ ನೀರನ್ನೂ ಹಾಕಿ ಮುಚ್ಚಿ, ಬೆರಳಿಗೆ ಬೆಣ್ಣೆಯಂತಾಗುವವರೆಗೆ ಬೇಯಿಸಬೇಕು. ಆರಿದ ಮೇಲೆ ಕಡಗೋಲಿನಿಂದ ಮಸೆಯಬಹುದು, ಒರಳಿನಲ್ಲಿ ರುಬ್ಬಬಹುದು, ಮಿಕ್ಸಿಯಿದ್ದವರು ಅದರಲ್ಲಿಯೇ ತಿರುವಬಹುದು. ಮತ್ತೆ ಒಲೆಯ ಮೇಲಿಟ್ಟು ಬಿಸಿಯಾದ ತರುವಾಯ, ಕಾಯಿಸಿದ ಹಾಲನ್ನು ಕೊನೆಯಲ್ಲಿ ಸುರಿದು ತಿರುವುತ್ತ, ಕುದಿ ಬರುವುದಕ್ಕೆ ಮುಂಚೆಯೇ ಇಳಿಸಿ ಉಪ್ಪು ಮೆಣಸು ಹಾಕತಕ್ಕದ್ದು. ಹಾಲು ಹಾಕಿದ ಮೇಲೆ ಕುದಿಸಿದರೆ ಒಡೆಯುವ ಸಂಭವವುಂಟು.

ಹಾಲಿಗೆ ಅನುಕೂಲವಿಲ್ಲದವರು ಒಂದು ಹಿಡಿ ಕಡಲೆಕಾಯಿ ಬೀಜವನ್ನು ಹುರಿದು ನೀರಿನೊಡನೆ ನುಣ್ಣಗೆ ಅರೆದು ಕೂಡಿಸಬಹುದು. ಕರಾವಳಿ ಮಲೆನಾಡುಗಳಲ್ಲಿ ಮೊದಲ ತೆಗೆತದ ತೆಂಗಿನ ಹಾಲು ಇನ್ನೂ ರುಚಿ. ಒಂದು ಚಮಚ ರಾಗಿಹಿಟ್ಟನ್ನು ನೀರಿನಲ್ಲಿ ಕದಡಿ ಬೇಯುವಾಗಲೇ ಹಾಕಿದರೆ ಸಾರು ಗಟ್ಟಿಯಾಗಿ ಹೊಟ್ಟೆಗೆ ಆಧಾರವಾಗುವುದು.

ಕೆಲವರು ಆಕ್ಷೇಪಿಸಬಹುದು: ಗುಂಬಳದ ಹುಳಿ, ಪಲ್ಯ, ಪಾಯಸಗಳು ನಮ್ಮಲ್ಲಿಯೇ ಇರುವಾಗ ಪರದೇಶದ ಸಾರೇಕೆಂದು. ಅವು ಇರಲಿ, ಇನ್ನೂ ಹೆಚ್ಚಾಗಲಿ. ಆದರೆ ಹುಳಿಯ ಖಾರವನ್ನು ಎರಡು ವರ್ಷದ ಮಗುವು ತಾಳದು. ಪಾಯಸವು ಹಬ್ಬದ ದಿನದ ಮಾತು. ಹಾಲುಸಾರಿಗೆ ಹಲ್ಲು ಬೇಡ, ಬೆಲ್ಲ ಬೇಡ. ವರ್ಷ ತುಂಬಿದ ಮಗುವಿಗೂ, ಹಲ್ಲು ಬಿದ್ದ ವೃದ್ಧರಿಗೂ, ಜ್ವರದಿಂದೆದ್ದವರಿಗೂ ಒಂದೇ ಪಾತ್ರೆಯಿಂದ ಬಡಿಸಬಹುದು. ಹಾಲಿನ ಮಾತು ಬಂದರೆ, ಮನೆಯಲ್ಲಿ ಕರೆದ ಹಾಲೆಲ್ಲವೂ ಸಂಘದ ಕ್ಯಾನಿಗೇ ಹೋಗುತ್ತದೆಂದು ಅನೇಕ ಗೃಹಿಣಿಯರು ಹೇಳುವುದನ್ನು ಕೇಳಿದ್ದೇನೆ. ಹಾಲು ಮಾರುವುದು ತಪ್ಪಲ್ಲ, ಸಂಸಾರಕ್ಕೆ ಅದರಿಂದ ಬಹಳ ಆಸರೆಯುಂಟು. ಆದರೆ ದಿನಕ್ಕೊಂದು ಲೋಟ ಹಾಲನ್ನು ಮನೆಯ ಮಕ್ಕಳಿಗೆಂದು ಉಳಿಸದೆ ಇರುವುದು ಲೆಕ್ಕ ತಿಳಿಯದವರ ಲೆಕ್ಕವೆಂದು ನನ್ನ ಅಭಿಪ್ರಾಯ.

ಗುಂಬಳವು ಕೀಳು ತರಕಾರಿ, ಬಂದವರ ಮುಂದೆ ಬಡಿಸತಕ್ಕದ್ದಲ್ಲ ಎಂಬ ಭಾವನೆಯೇ ನಿಜವಾದ ಅಡ್ಡಿ. ಈ ಭಾವನೆಯನ್ನು ತೊಲಗಿಸುವುದು ಭಾಷಣಗಳಿಂದ ಆಗದು. ಗ್ರಾಮದಲ್ಲಿ ದೊಡ್ಡ ಮನೆಯ ಪಂಕ್ತಿಯಲ್ಲಿ ಏನು ಬಡಿಸುವರೋ ಅದೇ ನಾಲ್ಕು ದಿನಗಳಲ್ಲಿ ಊರಿನ ಮರ್ಯಾದೆಯ ಊಟವಾಗುತ್ತದೆ. ಆದುದರಿಂದಲೇ ಈ ಅರಿಕೆಯನ್ನು ಯಜಮಾನರ ಮುಂದೆ ಇಟ್ಟಿರುವುದು.

ಬೆಳೆಯುವುದರಲ್ಲಿ ಕಷ್ಟವೇನೂ ಇಲ್ಲ. ಮುಂಗಾರು ಹಿಡಿದ ಮೇಲೆ ತಿಪ್ಪೆಯ ಬಳಿ ಅಥವಾ ಬಚ್ಚಲ ನೀರು ಹರಿಯುವ ಕಡೆ ಒಂದೂವರೆ ಅಡಿ ಗುಂಡಿ ತೆಗೆದು, ಕಳಿತ ಗೊಬ್ಬರ ತುಂಬಿ, ನಾಲ್ಕು ಬೀಜ ಊರಿ, ಮೊಳೆತ ಮೇಲೆ ಬಲವಾದ ಎರಡನ್ನು ಉಳಿಸಿಕೊಂಡರೆ ಸಾಕು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೊರತಂದ ಅರ್ಕ ಚಂದನ್ ಎಂಬ ತಳಿಯ ಕಾಯಿಯು ಎರಡರಿಂದ ಮೂರು ಕಿಲೋ ತೂಗುತ್ತದೆ. ಅದರ ತಿರುಳಿನಲ್ಲಿ ಕೆರೊಟೀನು ಸಮೃದ್ಧವಾಗಿದೆ. ಒಂದು ಸಂಸಾರಕ್ಕೆ ಅಳತೆಯೂ ಸರಿಯಾದದ್ದು. ಮೊದಲು ಗಂಡು ಹೂಗಳೇ ಬರುವುದನ್ನು ಕಂಡು ನಿರಾಶರಾಗಬೇಕಾಗಿಲ್ಲ, ಹೆಣ್ಣು ಹೂಗಳು ಹಿಂದೆ ಬರುವುವು. ಹೂವಿನ ಪರಾಗವನ್ನು ಸಾಗಿಸುವವು ಜೇನುನೊಣಗಳಾದ್ದರಿಂದ ಬೆಳಗಿನ ಹೊತ್ತು ಕ್ರಿಮಿನಾಶಕವನ್ನು ಸಿಂಪಡಿಸಕೂಡದು. ಹಣ್ಣುನೊಣ ಕೊರೆದ ಮಿಡಿಗಳನ್ನು ಆಯ್ದು ಆಳವಾಗಿ ಹೂಳಬೇಕು.

ಉಗುರು ಊರಿದರೆ ಸಿಪ್ಪೆಗೆ ನಾಟದಿರುವುದೂ, ತೊಟ್ಟು ಒಣಗಿ ಗಟ್ಟಿಯಾಗುವುದೂ ಕಾಯಿ ಬಲಿತ ಗುರುತು. ಎರಡಂಗುಲ ತೊಟ್ಟನ್ನು ಉಳಿಸಿ ಕೊಯ್ದು, ಏಟು ತಾಗದಂತೆ ತಂದು, ಹತ್ತು ದಿನ ಬೆಚ್ಚಗಿನ ಗಾಳಿಯಾಡುವ ಕಡೆ ಆರಿಸಿ, ಅನಂತರ ಅಟ್ಟದ ಮೇಲೆ ಹುಲ್ಲು ಹಾಸಿ ಒಂದಕ್ಕೊಂದು ತಗಲದಂತೆ ಇಟ್ಟರೆ ಎರಡು ಮೂರು ತಿಂಗಳು ಕೆಡುವುದಿಲ್ಲ. ಅಂಗಳದಲ್ಲಿ ರಾಶಿ ಹಾಕಿದ್ದು ಮಾತ್ರ ಬೇಗನೆ ಕೊಳೆಯುತ್ತದೆ. ಕೊಳೆಯುವುದನ್ನು ಕಂಡೇ ದನಕ್ಕೆ ಹಾಕುವ ಯೋಚನೆ ಹುಟ್ಟುವುದು.

ಕೊನೆಯದಾಗಿ ಯಜಮಾನರಲ್ಲಿ ಮೂರು ಬೇಡಿಕೆಗಳು. ಒಂದನೆಯದು, ಈ ಆಶ್ವಯುಜ ಕಾರ್ತಿಕಗಳಲ್ಲಿ ವಾರಕ್ಕೆರಡು ಸಲವಾದರೂ ಹಾಲುಸಾರು ನಿಮ್ಮ ಸ್ವಂತ ಪಂಕ್ತಿಯಲ್ಲಿ ಬಡಿಸಲ್ಪಡಲಿ. ಎರಡನೆಯದು, ಮನೆಯ ಖರ್ಚಿಗೆ ಮಿಕ್ಕ ಕಾಯಿಗಳು ದನದ ಕೊಟ್ಟಿಗೆಗೆ ಹೋಗುವುದಕ್ಕೆ ಮುಂಚೆ ಊರಿನ ಅಂಗನವಾಡಿಗೂ ಶಾಲೆಯ ಬಿಸಿಯೂಟದ ಅಡುಗೆಮನೆಗೂ ಹೋಗಲಿ. ಮೂರನೆಯದು, ನಿಮ್ಮ ಹೊಲಮನೆಗಳಲ್ಲಿ ದುಡಿಯುವವರಿಗೆ ಒಂದು ಕಾಯಿಯೊಡನೆ ನಾಲ್ಕು ಬೀಜವನ್ನೂ ಕೊಡಿರಿ. ಕಾಯಿಯು ಈ ವರ್ಷಕ್ಕೆ, ಬೀಜವು ಬರುವ ವರ್ಷಕ್ಕೆ. ಜಿಡ್ಡಿಲ್ಲದೆ ಗುಂಬಳವು ಅರ್ಧ ವ್ಯರ್ಥವೆಂಬುದನ್ನೂ ಒಡನೆಯೇ ತಿಳಿಸಿರಿ.

ಇದಕ್ಕೆ ಹಣವು ಹೆಚ್ಚು ಬೇಡ, ಸರ್ಕಾರದ ಅಪ್ಪಣೆಯೂ ಬೇಡ. ನಾನು ಹೇಳಿದ ಯಜಮಾನರ ಮನೆಗೆ ಈ ಸಲ ಪುನಃ ಹೋಗುವವನಿದ್ದೇನೆ. ಕತ್ತಲಾಗುವ ಹೊತ್ತಿಗೆ ಆ ಹುಡುಗನು ಅಂಗಳವನ್ನು ಎಡವದೆ ದಾಟಿ ಬರುವುದನ್ನು ಕಂಡರೆ, ಈ ಬರಹದ ಶ್ರಮಕ್ಕೆ ಅದಕ್ಕಿಂತ ಹೆಚ್ಚಿನ ಪ್ರತಿಫಲವನ್ನು ನಾನು ಅಪೇಕ್ಷಿಸುವುದಿಲ್ಲ.