ಪಾರ್ಕಿಂಗ್ ನೆರಳೂ ನಮ್ಮ ಸೇವೆಯೇ

ಪುಣೆ–ಸೋಲಾಪುರ ಹೆದ್ದಾರಿಯನ್ನು ದೌಂಡ್–ಬಾರಾಮತಿ ರಸ್ತೆ ಹಾಯುವ ಜಾಗವೇ ಕುರಕುಂಭ. ಎಂ.ಐ.ಡಿ.ಸಿ. ಕಾರ್ಖಾನೆಗಳ ಕಾರುಗಳು, ಫಿರಂಗಾಯಿ ದೇವಿಗೆ ಬರುವವರು, ಪುಣೆಯಿಂದ ವಿಜಯಪುರ, ಕಲಬುರಗಿಗೆ ಹೊರಟ ನಮ್ಮೂರ ಕಡೆಯವರು, ಎಲ್ಲರೂ ಊಟಕ್ಕೆ ನಿಲ್ಲುವುದು ಇಂಥ ಕೂಡುರಸ್ತೆಗಳಲ್ಲೇ. ಬೇಸಿಗೆಯಲ್ಲಿ ಅವರು ಮೆನು ಕೇಳುವ ಮೊದಲು ಕೇಳುವ ಮಾತು: "ಶೆಟ್ರ, ಗಾಡಿ ನಿಲ್ಲಸಾಕ ನೆರಳ ಎಲ್ಲೈತ್ರಿ?"

ಗಿರಾಕಿ ಬಿಲ್ ಕೊಡುವುದು ಒಳಗಿನ ಊಟಕ್ಕೆ, ಹೊರಗಿನ ಕಾರಿನ ಚಿಂತೆ ನಮಗೇಕೆ ಎನ್ನುವ ಸದಸ್ಯರಿದ್ದಾರೆ. ನೆರಳು ಕೊಟ್ಟರೆ ಗಾಡಿ ಬೇಗ ಏಳುವುದಿಲ್ಲ, ಊಟದ ಹೊತ್ತಿನಲ್ಲಿ ಜಾಗ ಅಡಕವಾಗುತ್ತದೆ ಎಂಬ ವಾದವೂ ಇದೆ. ಈ ಎರಡನೆಯದರಲ್ಲಿ ಸ್ವಲ್ಪ ಹುರುಳಿದೆ, ಒಪ್ಪುತ್ತೇವೆ. ಆದರೂ ಮೇಜಿನ ಮೇಲೆ ಇಡುವ ತಣ್ಣೀರಿನ ಲೋಟದಷ್ಟೇ ಹೊರಗಿನ ನೆರಳೂ ನಮ್ಮ ಕರ್ತವ್ಯ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಲೆಕ್ಕ ನೋಡಿ. ಅಮೆರಿಕದ ಅರಿಝೋನಾ ಸ್ಟೇಟ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 38 ಡಿಗ್ರಿ ಮೀರಿದ ದಿನಗಳಲ್ಲಿ ಒಂದು ಗಂಟೆ ಬಿಸಿಲಿಗೆ ನಿಂತ ಕಾರಿನ ಒಳಗೆ ಸರಾಸರಿ 47 ಡಿಗ್ರಿ ಸೆಲ್ಸಿಯಸ್, ಡ್ಯಾಶ್‌ಬೋರ್ಡಿನ ಮೇಲೆ 69, ಸ್ಟಿಯರಿಂಗ್ ಮೇಲೆ 53. ನೆರಳಿನಲ್ಲಿ ನಿಂತದ್ದಕ್ಕೆ ಕ್ರಮವಾಗಿ 38, 48, 42. ಗಾಜು ಎರಡು ಬೆರಳು ಇಳಿಸಿಟ್ಟರೆ ಸಾಕೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದರಿಂದ ಏನೂ ಹೆಚ್ಚು ಪ್ರಯೋಜನವಿಲ್ಲವೆಂದು 2005ರಲ್ಲೇ ಇನ್ನೊಂದು ಅಧ್ಯಯನ ತೋರಿಸಿದೆ. ಏರುವ ಕಾವಿನಲ್ಲಿ ಶೇ. 80 ಮೊದಲ ಅರ್ಧ ಗಂಟೆಯಲ್ಲೇ ಏರಿಬಿಡುತ್ತದೆ. ಒಂದು ಥಾಲಿ ಉಣ್ಣುವಷ್ಟು ಹೊತ್ತು!

ಕಟ್ಟಡದ ನೆರಳೇ ಸಾಕೆಂದು ಸುಮ್ಮನಿರುವಂತಿಲ್ಲ. ಮೇ ತಿಂಗಳ ಮಧ್ಯದಲ್ಲಿ ಪುಣೆ ಸೀಮೆಯಲ್ಲಿ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಹನ್ನೆರಡೂವರೆಯ ಸುಮಾರಿಗೆ, ಸರಿಯಾಗಿ ನಮ್ಮ ಊಟದ ಹೊತ್ತಿಗೆ, ಗೋಡೆಗೆ ನೆರಳೇ ಇರುವುದಿಲ್ಲ. ಚಪ್ಪರವೋ ಮರವೋ ಬೇಕೇ ಬೇಕು. ಊರಿನಲ್ಲಾದರೆ ಮಡಲು ಹೊದೆಸುತ್ತಿದ್ದೆವು. ಇಲ್ಲಿ ಸುಲಭಕ್ಕೆ ಸಿಗುವುದು ಕಬ್ಬಿನ ಒಣಗರಿ. ಅದು ಬೇಡ, ಒಂದು ಬೀಡಿಯ ಕಿಡಿ ಬಿದ್ದರೆ ಕೆಳಗಿರುವುದು ಪೆಟ್ರೋಲ್ ಗಾಡಿ. ಹಸಿರು ಬಲೆ ಎತ್ತರದಲ್ಲಿ ಕಟ್ಟಿ, ಪಶ್ಚಿಮದ ಕಡೆ ಒಂದಿಷ್ಟು ಇಳಿಬಿಡಿ. ಇಲ್ಲವಾದರೆ ಮೂರು ಗಂಟೆಯ ಓರೆ ಬಿಸಿಲು ನೇರ ಒಳಗೆ. ತಗಡು ಹಾಕುವವರೂ ಎತ್ತರ ಬಿಡಬೇಕು, ತಗ್ಗಾದರೆ ತಗಡೇ ಕಾವಲಿ.

ಬೋರ್ಡು ಕಾಣುವುದಿಲ್ಲವೆಂದು ಹಳೆಯ ಬೇವಿನ ಕೊಂಬೆ ಕಡಿಸುವವರನ್ನು ಕಂಡರೆ ನಮಗೆ ಬೇಸರ. ಬೋರ್ಡನ್ನು ಹತ್ತು ಅಡಿ ಸರಿಸಬಹುದು, ಬೇವನ್ನು ಸರಿಸಲಾದೀತೆ?

ಇದಕ್ಕಿಂತ ದೊಡ್ಡ ವಿಷಯ ಕಾರಿನೊಳಗೆ ಉಳಿಯುವವರದು. ಮಲಗಿದ ಮಗುವನ್ನು ಎಬ್ಬಿಸುವುದೇಕೆಂದು ಗಾಡಿಯಲ್ಲೇ ಬಿಟ್ಟು ಊಟಕ್ಕೆ ಬರುವವರಿದ್ದಾರೆ. ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ; ನೆರಳಿದ್ದರೂ ಇದು ಪ್ರಾಣಾಪಾಯವೇ. ಬಾಡಿಗೆ ಗಾಡಿಯ ಡ್ರೈವರುಗಳು ಗಾಜು ಏರಿಸಿ, ಏ.ಸಿ. ಹಾಕಿ ಮಲಗುತ್ತಾರೆ. ನಿಂತ ಗಾಡಿಯ ಹೊಗೆ ಒಳಸೇರಿದರೆ ಅದರಲ್ಲಿನ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲಿದ್ದವನಿಗೆ ಗೊತ್ತೇ ಆಗುವುದಿಲ್ಲ. ಅವರಿಗೆ ಒಂದು ಫ್ಯಾನು, ಬೆಂಚು, ಕುಡಿಯುವ ನೀರು ಇರುವ ಮೂಲೆ ಮಾಡಿಕೊಡುವುದು ಯಾವ ಹೋಟೆಲಿಗೂ ಭಾರವಲ್ಲ. ವಾಚ್‌ಮನ್‌ಗೆ ಸೆಲ್ಯೂಟ್ ಹೊಡೆಯುವುದನ್ನಷ್ಟೇ ಕಲಿಸದೆ, ಗಾಡಿಯೊಳಗೆ ಇಣುಕಿ ನೋಡುವುದನ್ನೂ ಕಲಿಸಬೇಕು. ಮಗು ಕಂಡರೆ ಕೂಡಲೇ ಗಾಡಿ ನಂಬರ್ ಕೂಗಿ ಗಿರಾಕಿಯನ್ನು ಎಬ್ಬಿಸಲಿ. ಗಿರಾಕಿ ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ನಮ್ಮ ಸ್ವಂತ ಗಾಡಿಗಳ ಮಾತೂ ಇದೆ. ತರಾತುರಿಯಲ್ಲಿ ಗ್ಯಾಸ್ ಸಿಲಿಂಡರನ್ನು ವ್ಯಾನಿನಲ್ಲೇ ಬಿಟ್ಟು ಬಿಸಿಲಿಗೆ ನಿಲ್ಲಿಸುವ ಚಾಳಿ ನಿಲ್ಲಬೇಕು. ಮದುವೆ ಆರ್ಡರಿನ ಮೊಸರು, ಚಟ್ನಿಯೂ ಹಾಗೆಯೇ, ಇಳಿಸುವ ಜನ ಸಿದ್ಧವಾದ ಮೇಲೆ ಗಾಡಿ ತರಿಸಿ.

ಬೇವು, ಹೊಂಗೆಗೆ ಮೇ ತಿಂಗಳಲ್ಲೇ ಗುಂಡಿ ತೋಡಿಸಿಟ್ಟು ಮೊದಲ ಮಳೆಗೆ ನೆಡಿ. ಗುಲ್‌ಮೊಹರ್ ಚೆಂದವೇ, ಆದರೆ ಗಾಳಿಗೆ ಕೊಂಬೆ ಮುರಿದು ಕಾರಿನ ಮೇಲೆ ಬೀಳುತ್ತದೆ. ಮೊದಲ ಎರಡು ಬೇಸಿಗೆ ನೀರುಣಿಸಿದರೆ ಸಾಕು, ತರಕಾರಿ ತೊಳೆದ ನೀರು ನಮ್ಮಲ್ಲಿ ದಿನವೂ ಚೆಲ್ಲಿಹೋಗುತ್ತಿದೆ.