ಹ್ಯಾಲೋವೀನ್ ತಿನಿಸು ಅಡುಗೆಮನೆಗೆ ಮರಳಲಿ

ಬಾರ್ಮ್‌ಬ್ರ್ಯಾಕ್ ಎಂದರೆ ಯೀಸ್ಟ್ ಹಾಕಿ ಉಬ್ಬಿಸಿದ, ಒಣದ್ರಾಕ್ಷಿ ತುಂಬಿದ ಸಿಹಿ ಬ್ರೆಡ್ಡು. ಐರ್ಲೆಂಡಿನ ಮನೆಗಳಲ್ಲಿ ಹ್ಯಾಲೋವೀನ್ ರಾತ್ರಿ, ಅಂದರೆ ಅಕ್ಟೋಬರ್ 31ರಂದು ಅದನ್ನು ಕೊಯ್ಯುವಾಗ ಎಲ್ಲರ ಕಣ್ಣೂ ಚಾಕುವಿನ ಮೇಲಿರುತ್ತಿತ್ತು. ಒಳಗೆ ಉಂಗುರ, ನಾಣ್ಯ, ಬಟ್ಟೆಯ ಚೂರು, ಬಟಾಣಿ ಕಾಳು ಹುದುಗಿಸಿ ಬೇಯಿಸುವುದು ಅಲ್ಲಿನ ರೂಢಿ. ಉಂಗುರ ಸಿಕ್ಕವರಿಗೆ ವರ್ಷದೊಳಗೆ ಮದುವೆ, ನಾಣ್ಯ ಸಿಕ್ಕವರಿಗೆ ದುಡ್ಡು, ಬಟ್ಟೆ ಸಿಕ್ಕವರಿಗೆ ಬಡತನ, ಬಟಾಣಿ ಸಿಕ್ಕವರಿಗೆ ಆ ವರ್ಷ ಕಂಕಣ ಕೂಡಿಬರದು. ಜೇಮ್ಸ್ ಜಾಯ್ಸ್ ಬರೆದ ‘ಡಬ್ಲಿನರ್ಸ್’ (1914) ಸಂಕಲನದ ‘ಕ್ಲೇ’ ಕಥೆ ಶುರುವಾಗುವುದೇ ಹೋಳು ಮಾಡಿಟ್ಟ ಈ ಬ್ರೆಡ್ಡುಗಳ ಮುಂದೆ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೂ ಈ ಹಬ್ಬ ಈಗ ಬಂದಿದೆ. ದೆವ್ವದ ಮುಖವಾಡ ತೊಟ್ಟ ಮಕ್ಕಳು ಮನೆ ಮನೆಯ ಬೆಲ್ ಒತ್ತುತ್ತಾರೆ. ಬಾಗಿಲು ತೆರೆದವರು ಚಾಕೊಲೇಟ್ ಪೊಟ್ಟಣ ಹಾಕಿ ಕಳಿಸುತ್ತಾರೆ. ಪರದೇಶದ ಹಬ್ಬ ಬಂದದ್ದಕ್ಕೆ ಆಕ್ಷೇಪ ಬೇಡ, ಮಕ್ಕಳ ಸಂಭ್ರಮ ಎಲ್ಲಿಂದ ಬಂದರೂ ಸಂಭ್ರಮವೇ. ಆದರೆ ಆ ಹಬ್ಬದ ಬಲು ಸೊಗಸಾದ ಭಾಗ ಅದರ ಅಡುಗೆಮನೆ. ಅದನ್ನು ಹಿಂದೆ ಬಿಟ್ಟು ಪೊಟ್ಟಣವನ್ನಷ್ಟೇ ತರಿಸಿಕೊಂಡಿದ್ದೇವೆ.

ಹ್ಯಾಲೋವೀನಿನ ತಿನಿಸುಗಳ ಹಿಂದೆ ಋತುವೂ ಇದೆ, ಮಡಿಯೂ ಇದೆ. ಮರುದಿನ ನವೆಂಬರ್ 1 ಸಕಲ ಸಂತರ ಹಬ್ಬ. ಅದರ ಹಿಂದಿನ ದಿನ ಕ್ಯಾಥೊಲಿಕರು ಮಾಂಸ ತಿನ್ನುವಂತಿರಲಿಲ್ಲ. ಆದ್ದರಿಂದಲೇ ಐರಿಷರು ಆಲೂಗಡ್ಡೆ ಬೇಯಿಸಿ ಮಸೆದು, ಎಲೆಕೋಸು ಇಲ್ಲವೇ ಕೇಲ್ ಸೊಪ್ಪು ಬೆರೆಸಿ, ನಡುವೆ ಗುಳಿ ಮಾಡಿ ಬೆಣ್ಣೆ ಕರಗಿಸಿ ‘ಕೋಲ್ಕ್ಯಾನನ್’ ಉಣ್ಣುತ್ತಿದ್ದರು. ಅದರಲ್ಲೂ ನಾಣ್ಯ, ಉಂಗುರ ಬಚ್ಚಿಡುತ್ತಿದ್ದರು. ಸೇಬು ಕೊಯ್ಲು ಆಗಷ್ಟೇ ಮುಗಿದಿರುತ್ತಿದ್ದುದರಿಂದ ಆಟಗಳೂ ಸೇಬಿನವೇ. ನೀರಿನ ತೊಟ್ಟಿಯಲ್ಲಿ ತೇಲುವ ಹಣ್ಣನ್ನು ಕೈ ಸೋಕಿಸದೆ ಹಲ್ಲಿನಿಂದಲೇ ಹಿಡಿಯಬೇಕು. ಡೇನಿಯಲ್ ಮ್ಯಾಕ್ಲೀಸ್ 1833ರಲ್ಲಿ ಬರೆದ ‘ಸ್ನ್ಯಾಪ್-ಆ್ಯಪಲ್ ನೈಟ್’ ಚಿತ್ರದಲ್ಲಿ ಇಂಥ ಒಂದು ರಾತ್ರಿಯ ಗದ್ದಲವೆಲ್ಲ ಇದೆ: ಮುದುಕರು, ಮಕ್ಕಳು, ವಾದ್ಯದವರು, ಎಲ್ಲರೂ ಒಂದೇ ಸೂರಿನಡಿ.

ಇಂಗ್ಲೆಂಡಿನಲ್ಲಿ ‘ಸೋಲ್ ಕೇಕ್’ ಇತ್ತು. ಮೈದಾ, ಬೆಣ್ಣೆ, ಸಕ್ಕರೆ, ಜಾಯಿಕಾಯಿ, ದಾಲ್ಚಿನ್ನಿ, ಒಣದ್ರಾಕ್ಷಿ ಸೇರಿಸಿ ತಟ್ಟಿ, ಮೇಲೆ ಶಿಲುಬೆಯ ಗೆರೆ ಎಳೆದು ಬೇಯಿಸಿದ ಪುಟ್ಟ ಬಿಲ್ಲೆಗಳು. ಬಡವರು, ಮಕ್ಕಳು ಮನೆ ಮನೆಗೆ ಹೋಗಿ ಹಾಡುತ್ತಿದ್ದರು. ಮನೆಯವರು ಕೇಕ್ ಕೊಡುತ್ತಿದ್ದರು, ಬಂದವರು ಆ ಮನೆಯಲ್ಲಿ ತೀರಿಕೊಂಡವರಿಗಾಗಿ ಪ್ರಾರ್ಥಿಸುತ್ತಿದ್ದರು. ಕ್ಯಾಥೊಲಿಕ್ ಆಚರಣೆಗಳನ್ನು ಸುಧಾರಣಾ ಚಳವಳಿ ಬದಿಗೆ ತಳ್ಳಿದ ಮೇಲೂ ಚೆಷೈರ್, ಷ್ರಾಪ್‌ಷೈರ್ ಕಡೆ ಈ ಪದ್ಧತಿ ಶತಮಾನಗಳ ಕಾಲ ಉಳಿಯಿತು. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವವರಿಗೆ, ನವೆಂಬರ್ 2ರಂದು ಸಮಾಧಿಗಳ ಮುಂದೆ ಮೇಣದಬತ್ತಿ ಹಚ್ಚುವ ಮಂಗಳೂರಿನ ಕ್ಯಾಥೊಲಿಕರಿಗೆ ಈ ಭಾವನೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಐರಿಷ್ ಮತ್ತು ಸ್ಕಾಟಿಷ್ ವಲಸಿಗರ ಜೊತೆ ಹಬ್ಬ ಅಮೆರಿಕಕ್ಕೆ ಹೋಯಿತು. ಅಲ್ಲಿನ ಅಡುಗೆಮನೆಗಳು ಅದಕ್ಕೆ ಹೊಸ ರುಚಿ ಕೊಟ್ಟವು. ಪಾಪ್‌ಕಾರ್ನ್ ಉಂಡೆ, ಶುಂಠಿ ಹಾಕಿದ ಬ್ರೆಡ್ಡು, ದಾರಕ್ಕೆ ಕಟ್ಟಿ ತೂಗಾಡಿಸಿದ ಡೋನಟ್, ಜೊತೆಗೆ ಕುಡಿಯಲು ಸೇಬಿನ ಸೈಡರ್. ಕೆಂಪಗೆ ಹೊಳೆಯುವ ಕ್ಯಾಂಡಿ ಸೇಬಿನ ಹುಟ್ಟಿನ ಬಗ್ಗೆ ಪ್ರಚಲಿತ ಕಥೆಯೊಂದಿದೆ. 1908ರಲ್ಲಿ ನ್ಯೂಜೆರ್ಸಿಯ ನ್ಯೂಆರ್ಕ್‌ನಲ್ಲಿ ಮಿಠಾಯಿಗಾರ ವಿಲಿಯಂ ಕೋಲ್ಬ್ ದಾಲ್ಚಿನ್ನಿ ಮಿಠಾಯಿಗೆಂದು ಕಾಯಿಸಿದ್ದ ಪಾಕದಲ್ಲಿ ಸೇಬನ್ನು ಅದ್ದಿದನಂತೆ.

ಇವುಗಳಲ್ಲಿ ಪಾಪ್‌ಕಾರ್ನ್ ಉಂಡೆ ಕನ್ನಡಿಗರಿಗೆ ತೀರ ಹತ್ತಿರದ್ದು. ಸಕ್ಕರೆ, ಕಾಕಂಬಿ, ಚಿಟಿಕೆ ಉಪ್ಪು ಹಾಕಿ ಸುಮಾರು 125 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟಾಗ ಗಟ್ಟಿ ಉಂಡೆಯಾದರೆ ಪಾಕ ಬಂದಂತೆ. ಅರಳಿದ ಜೋಳದ ಮೇಲೆ ಅದನ್ನು ಸುರಿದು, ಕೈಗೆ ಬೆಣ್ಣೆ ಸವರಿಕೊಂಡು, ಬಿಸಿ ಆರುವ ಮೊದಲೇ ಉಂಡೆ ಕಟ್ಟುತ್ತಾರೆ. ನಾಗರಪಂಚಮಿಗೆ ಬಿಳಿಜೋಳದ ಅಳ್ಳು ಹುರಿದು, ಬೆಲ್ಲದ ಪಾಕದಲ್ಲಿ ಉಂಡಿ ಕಟ್ಟುವ ಉತ್ತರ ಕರ್ನಾಟಕದ ಅಜ್ಜಿಯನ್ನು ಆ ಒಲೆಯ ಮುಂದೆ ಕೂರಿಸಿದರೆ ಥರ್ಮಾಮೀಟರನ್ನು ಕೇಳುವುದೂ ಇಲ್ಲ.

ಇಷ್ಟು ಸಮೃದ್ಧವಾದ ಅಡುಗೆ ಬೀದಿಯಿಂದ ಕಣ್ಮರೆಯಾದದ್ದು ಹೇಗೆ? ಮೊದಲು ಅನುಕೂಲ ಬಂತು. ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ಕಾಲದ ಸಕ್ಕರೆ ರೇಷನ್ 1947ರಲ್ಲಿ ಮುಗಿದು, ಬಾಗಿಲು ತಟ್ಟುವ ಮಕ್ಕಳು ಹೆಚ್ಚಾದಾಗ ಮಿಠಾಯಿ ಕಂಪನಿಗಳು ಸಿದ್ಧವಾಗಿ ನಿಂತಿದ್ದವು. ಆಮೇಲೆ ಬಂದದ್ದು ಭಯ. ಸೇಬಿನೊಳಗೆ ಬ್ಲೇಡು, ಮಿಠಾಯಿಯಲ್ಲಿ ವಿಷ ಎಂಬ ಸುದ್ದಿಗಳು 1960ರ ದಶಕದ ಕೊನೆಯಿಂದ ಹಬ್ಬತೊಡಗಿದವು. 1974ರಲ್ಲಿ ಟೆಕ್ಸಾಸ್‌ನ ಡೀರ್ ಪಾರ್ಕ್‌ನಲ್ಲಿ ಎಂಟು ವರ್ಷದ ಹುಡುಗನೊಬ್ಬ ಸಯನೈಡ್ ಬೆರೆಸಿದ ಮಿಠಾಯಿ ತಿಂದು ಸತ್ತ. 1982ರಲ್ಲಿ ಷಿಕಾಗೊ ಸುತ್ತಮುತ್ತ ಟೈಲೆನಾಲ್ ಗುಳಿಗೆಗೆ ಯಾರೋ ಸಯನೈಡ್ ಬೆರೆಸಿದ್ದರಿಂದ ಏಳು ಮಂದಿ ಸತ್ತರು. ಪೊಟ್ಟಣ ಒಡೆಯದ ತಿಂಡಿಯನ್ನಷ್ಟೇ ತಿನ್ನಬೇಕು ಎಂಬ ನಿಯಮ ಮನೆ ಮನೆಯಲ್ಲೂ ಬೇರೂರಿತು.

ಈ ಎರಡೂ ಪ್ರಕರಣಗಳನ್ನು ತುಸು ನಿಂತು ನೋಡಬೇಕು. ಟೆಕ್ಸಾಸ್‌ನ ಹುಡುಗನಿಗೆ ವಿಷ ಕೊಟ್ಟದ್ದು ನೆರೆಮನೆಯ ಗೃಹಿಣಿ ಅಲ್ಲ, ಹೆತ್ತ ತಂದೆ, ವಿಮೆಯ ಹಣಕ್ಕಾಗಿ. ಅದೂ ಅಂಗಡಿಯಲ್ಲಿ ಸಿಗುವ ಮಿಠಾಯಿಯ ಕೊಳವೆಯಲ್ಲಿ. ಟೈಲೆನಾಲ್ ಅಂಗಡಿಯ ಕಪಾಟಿನಿಂದ ಬಂದದ್ದು. ಡೆಲವೇರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್ 1958ರಿಂದ ಈಚಿನ ಪತ್ರಿಕಾ ವರದಿಗಳನ್ನು ದಶಕಗಳ ಕಾಲ ಜಾಲಾಡಿದ್ದಾರೆ. ಅಪರಿಚಿತರು ಕೊಟ್ಟ ಹ್ಯಾಲೋವೀನ್ ತಿನಿಸಿನಿಂದ ಮಗುವೊಂದು ಸತ್ತ ಅಥವಾ ತೀವ್ರವಾಗಿ ಗಾಯಗೊಂಡ ಒಂದೇ ಒಂದು ಖಚಿತ ಪ್ರಕರಣವೂ ಅವರಿಗೆ ಸಿಗಲಿಲ್ಲ. ನಿಜವಾಗಿ ಜೀವ ತೆಗೆದ ತಿನಿಸೊಂದಿದ್ದರೆ ಅದು 2014ರ ಕೊನೆಯಲ್ಲಿ ಅಮೆರಿಕದಲ್ಲಿ ಮಾರಾಟವಾದ, ಪೊಟ್ಟಣ ಕಟ್ಟಿದ ಕ್ಯಾರಮೆಲ್ ಸೇಬು. ಲಿಸ್ಟೀರಿಯಾ ಸೋಂಕಿನಿಂದ 35 ಮಂದಿ ಕಾಯಿಲೆ ಬಿದ್ದರು, ಕೆಲವರು ಸತ್ತರು. ಕಡ್ಡಿ ಚುಚ್ಚಿದ ಜಾಗದಿಂದ ಸೇಬಿನ ರಸ ಜಿನುಗಿ ಕ್ಯಾರಮೆಲ್ ಪದರದ ಅಡಿ ನಿಲ್ಲುತ್ತದೆ. ಹೊರಗೆ ದಿನಗಟ್ಟಲೆ ಇಟ್ಟರೆ ಅಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಚೆನ್ನಾಗಿ ತೊಳೆದ ಹಣ್ಣನ್ನು ಮನೆಯಲ್ಲಿ ಅದ್ದಿ ಅಂದೇ ತಿಂದು ಮುಗಿಸುವ ಹಳೇ ಕ್ರಮದಲ್ಲಿ ಅದಕ್ಕೆ ಅಷ್ಟು ಸಮಯವೇ ಸಿಗದು.

ಕತ್ತಲಲ್ಲಿ ಗುರುತಿಲ್ಲದವರ ಬಾಗಿಲಲ್ಲಿ ಬಿಡಿ ತಿಂಡಿ ಈಸಿಕೊಳ್ಳಲು ಇಂದಿನ ತಾಯ್ತಂದೆಯರು ಒಪ್ಪಲಿಕ್ಕಿಲ್ಲ, ಒಪ್ಪಲೆಂದು ಒತ್ತಾಯಿಸಬೇಕಿಲ್ಲ. ಆದರೆ ಮನೆಯವರು, ನೆಂಟರು, ಒಂದೇ ಮಹಡಿಯ ನೆರೆಯವರು ಸೇರುವ ಕೂಟಕ್ಕೆ ಆ ಭಯವನ್ನು ಯಾಕೆ ಹೊತ್ತುಕೊಂಡು ಹೋಗಬೇಕು? 2024ರಲ್ಲಿ ದೀಪಾವಳಿಯೂ ಹ್ಯಾಲೋವೀನೂ ಅಕ್ಟೋಬರ್ 31ಕ್ಕೇ ಬಿದ್ದಿದ್ದವು. ಅಮೆರಿಕದಲ್ಲಿರುವ ಕನ್ನಡಿಗರಿಗೆ ಅಂದು ಒಂದೇ ಸಂಜೆ ಎರಡು ಹಬ್ಬ: ಅಡುಗೆಮನೆಯಲ್ಲಿ ಕೈಯಾರೆ ಒತ್ತಿದ ಚಕ್ಕುಲಿ, ಬಾಗಿಲಲ್ಲಿ ಕಾರ್ಖಾನೆಯ ಪೊಟ್ಟಣ. ಪರಿಚಯದ ಮಕ್ಕಳ ಕೈಗಾದರೂ ಆ ಚಕ್ಕುಲಿ ಸೇರಬಹುದಿತ್ತು.

ಬೆಂಗಳೂರಿನಲ್ಲಿ ಈ ಸಲ ಕೂಟ ಏರ್ಪಡಿಸುವವರಿಗೆ ಕೆಲಸ ಕಷ್ಟದ್ದೇನಲ್ಲ. ಪಾಕ ಹಿಡಿಯುವುದು ದೊಡ್ಡವರ ಪಾಲಿಗಿರಲಿ, ಅದು ಸುಟ್ಟರೆ ಗಾಯ ಆಳ. ಕೈಗೆ ತಾಳುವಷ್ಟು ಆರಿದ ಮೇಲೆ ಉಂಡೆ ಕಟ್ಟಲು ಮಕ್ಕಳನ್ನು ಕೂರಿಸಬಹುದು. ಬ್ರೆಡ್ಡಿನೊಳಗೆ ನಾಣ್ಯ ಇಡುವವರು ಬೆಣ್ಣೆ ಕಾಗದದಲ್ಲಿ ಸುತ್ತಿ ಇಡಲಿ, ತಿನ್ನುವವರಿಗೆ ಮೊದಲೇ ತಿಳಿಸಲಿ. ತೀರ ಚಿಕ್ಕ ಮಕ್ಕಳಿಗೆ ಆ ಬ್ರೆಡ್ಡು ಬೇಡ. ಶೇಂಗಾ, ಹಾಲು, ಮೊಟ್ಟೆ ಯಾವುದರಲ್ಲಿದೆ ಎಂದು ಚೀಟಿ ಬರೆದು ತಟ್ಟೆಯ ಪಕ್ಕ ಇಟ್ಟರೆ ಅಲರ್ಜಿ ಇರುವವರಿಗೂ ನಿಶ್ಚಿಂತೆ. ಸಿಹಿಗುಂಬಳಕ್ಕೆ ಕಣ್ಣು, ಮೂಗು ಕೆತ್ತುವಾಗ ತೆಗೆದ ತಿರುಳನ್ನು ಕೂಡಲೇ ತುರಿದು, ಅಕ್ಕಿತರಿ, ಬೆಲ್ಲ, ಏಲಕ್ಕಿ ಸೇರಿಸಿ ಬಾಳೆಲೆಯಲ್ಲಿ ಬೇಯಲಿಟ್ಟರೆ ಮಕ್ಕಳು ವೇಷ ಕಟ್ಟಿಕೊಂಡು ಬರುವಷ್ಟರಲ್ಲಿ ಕಡುಬು ಸಿದ್ಧ.