ಶ್ರವಣಾನುಭವ ಎಷ್ಟರಮಟ್ಟಿಗೆ ಪ್ರಮಾಣ?

ಮನೆಯಲ್ಲಿ ಸಂಗೀತ ಕೇಳುವವರಿಗಾಗಿ ತಯಾರಾದ ಬೆಲೆಬಾಳುವ ಆಂಪ್ಲಿಫೈಯರೊಂದು ಮಾರುಕಟ್ಟೆಗೆ ಬಂದಾಗ ಅದನ್ನು ಕುರಿತು ಎರಡು ಬಗೆಯ ಬರಹಗಳು ಪ್ರಕಟವಾಗುತ್ತವೆ. ಮೊದಲನೆಯದು ಪ್ರಯೋಗಶಾಲೆಯ ಅಳತೆಗಳ ಪಟ್ಟಿ. ಅದರಲ್ಲಿ ಶಕ್ತಿ ಎಷ್ಟು ವ್ಯಾಟ್, ವಿರೂಪ ಶೇಕಡಾ ಎಷ್ಟು, ಹಿನ್ನೆಲೆಯ ಗದ್ದಲ ಎಷ್ಟು ಎಂಬ ಅಂಕಿಗಳಿರುತ್ತವೆ. ಎರಡನೆಯದು, ಅನುಭವಿ ವಿಮರ್ಶಕನೊಬ್ಬ ಆ ಯಂತ್ರವನ್ನು ಕೆಲವು ವಾರ ತನ್ನ ಕೋಣೆಯಲ್ಲಿಟ್ಟುಕೊಂಡು ಕೇಳಿ ಬರೆದ ಶ್ರವಣಾನುಭವ. ಮಂದ್ರ ಬಿಗಿಯಾಗಿದೆ, ತಾರಸ್ಥಾಯಿ ನಯವಾಗಿದೆ, ಗಾಯಕಿ ಎದುರಿಗೇ ಕುಳಿತಂತಿದೆ ಎಂಬ ಮಾತುಗಳು ಅದರಲ್ಲಿರುತ್ತವೆ. ಕೊಳ್ಳುವವರು ಹೆಚ್ಚಾಗಿ ನಂಬುವುದು ಎರಡನೆಯದನ್ನು, ಮತ್ತು ಹಾಗೆ ನಂಬುವುದರಲ್ಲಿ ತಪ್ಪೇನೂ ಕಾಣುವುದಿಲ್ಲ, ಏಕೆಂದರೆ ಸಂಗೀತ ಇರುವುದು ಕಿವಿಗಾಗಿಯೇ. ಆದರೂ ಆ ಅನುಭವ ಯಾವುದರ ಬಗೆಗಿನ ಜ್ಞಾನ, ಯಂತ್ರದ್ದೋ ಕೇಳಿದವನ ಮನಸ್ಥಿತಿಯದೋ, ಎಂಬ ಪ್ರಶ್ನೆಯನ್ನು ಎತ್ತದೆ ಅದನ್ನು ಪ್ರಮಾಣವೆಂದು ಸ್ವೀಕರಿಸುವಂತಿಲ್ಲ. ಕೇಳಿದ ಸನ್ನಿವೇಶ ನಿಯಮಬದ್ಧವಾಗಿದ್ದಾಗ ಮಾತ್ರ ಶ್ರವಣಾನುಭವ ಯಂತ್ರದ ಬಗ್ಗೆ ಸಾಕ್ಷ್ಯ ನುಡಿಯುತ್ತದೆ, ನಿಯಮವಿಲ್ಲದಿದ್ದಾಗ ಅದು ಕೇಳಿದವನ ಬಗ್ಗೆಯಷ್ಟೇ ಹೇಳುತ್ತದೆ ಎಂಬುದು ಇಲ್ಲಿಯ ವಾದ.

ಆಂಪ್ಲಿಫೈಯರಿನ ಕೆಲಸ ಹೇಳುವುದಕ್ಕೆ ಸರಳ: ಬಂದ ಕ್ಷೀಣ ವಿದ್ಯುತ್ ಸಂಕೇತವನ್ನು ಅದರ ಆಕಾರ ಕೆಡದಂತೆ ಸ್ಪೀಕರನ್ನು ನಡೆಸುವಷ್ಟು ದೊಡ್ಡದು ಮಾಡಿ ಕಳಿಸುವುದು. ಇಂಗ್ಲೆಂಡಿನ ಕ್ವಾಡ್ ಸಂಸ್ಥೆಯನ್ನು ಕಟ್ಟಿದ ಪೀಟರ್ ವಾಕರ್ ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಆದರ್ಶದ ಪ್ರಕಾರ ಅದು ಸಂಕೇತವನ್ನು ಹಿಗ್ಗಿಸುವ, ಉಳಿದಂತೆ ಬರಿಯ ತಂತಿಯಂತೆ ನಡೆದುಕೊಳ್ಳುವ ಯಂತ್ರವಾಗಿರಬೇಕು. ಹಾಗಾಗಿ ವೀಣೆಗೆ ನಾದಗುಣವಿರುವ ಅರ್ಥದಲ್ಲಿ ಆಂಪ್ಲಿಫೈಯರಿಗೆ ನಾದಗುಣ ಇರಕೂಡದು. ಇದ್ದರೆ ಅದು ಆದರ್ಶದಿಂದ ಯಾವುದೋ ಒಂದು ಬಗೆಯಲ್ಲಿ ದೂರ ಸರಿದಿದೆ ಎಂದೇ ತಿಳಿಯಬೇಕು.

ಈ ದೂರ ಸರಿಯುವಿಕೆಯಲ್ಲಿ ಮುಖ್ಯವಾದದ್ದು ಹಾರ್ಮೋನಿಕ್ ವಿರೂಪ. ಒಂದು ಸ್ವರವನ್ನು ಒಳಕ್ಕೆ ಕೊಟ್ಟಾಗ, ಅದರ ಆವೃತ್ತಿಯ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವೃತ್ತಿಯುಳ್ಳ, ಮೂಲದಲ್ಲಿಲ್ಲದ ಸ್ವರಗಳನ್ನು ಯಂತ್ರ ತಾನಾಗಿ ಸೇರಿಸುತ್ತದೆ. ಆವೃತ್ತಿ ಎಂದರೆ ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆ. ತಂಬೂರದ ಶ್ರುತಿಯಲ್ಲಿ ಸ್ವಯಂಭೂ ಗಾಂಧಾರವನ್ನು ಕೇಳಿಸಿಕೊಂಡವರಿಗೆ ಇದರ ಲೆಕ್ಕ ಕಷ್ಟವಾಗದು. ಮೂಲಸ್ವರ ಷಡ್ಜವಾದರೆ ಎರಡನೆಯ ಹಾರ್ಮೋನಿಕ್ ಅದರ ಮೇಲಿನ ಷಡ್ಜ, ಮೂರನೆಯದು ಆ ಸ್ಥಾಯಿಯ ಪಂಚಮ, ನಾಲ್ಕನೆಯದು ಮತ್ತೆ ಷಡ್ಜ, ಐದನೆಯದು ಅಂತರ ಗಾಂಧಾರ. ಇವೆಲ್ಲ ಷಡ್ಜದೊಡನೆ ಹೊಂದಿ ನಡೆಯುವ ಸ್ವರಗಳು. ಏಳನೆಯದಕ್ಕೆ ಬಂದಾಗ ಈ ಸಾಮರಸ್ಯ ಮುರಿಯುತ್ತದೆ, ಏಕೆಂದರೆ ಅದು ಚತುಶ್ರುತಿ ಧೈವತಕ್ಕೂ ಕೈಶಿಕಿ ನಿಷಾದಕ್ಕೂ ನಡುವೆ, ಯಾವ ಸ್ವರಸ್ಥಾನಕ್ಕೂ ಸಲ್ಲದೆ ನಿಲ್ಲುತ್ತದೆ. ಹನ್ನೊಂದು, ಹದಿಮೂರನೆಯವುಗಳ ಸ್ಥಿತಿಯೂ ಹೀಗೆಯೇ. ಇದರ ಜೊತೆಗೆ, ಬಲವಾದ ಸ್ವರವೊಂದು ತನ್ನ ಸಮೀಪದ ದುರ್ಬಲ ಸ್ವರವನ್ನು ಕಿವಿಗೆ ಬೀಳದಂತೆ ಮುಚ್ಚಿಬಿಡುವ ಗುಣ ಮನುಷ್ಯನ ಶ್ರವಣಕ್ಕಿದೆ. ಈ ಮರೆಮಾಚುವಿಕೆ ಕೆಳಕ್ರಮಾಂಕದ ಹಾರ್ಮೋನಿಕ್‌ಗಳನ್ನು ಅಡಗಿಸುತ್ತದೆ, ದೂರದ ಮೇಲ್ಕ್ರಮಾಂಕದವುಗಳನ್ನು ಅಡಗಿಸಲಾರದು. ಆದ್ದರಿಂದ ಹೆಚ್ಚಾಗಿ ಎರಡನೆಯ ಹಾರ್ಮೋನಿಕ್ಕನ್ನಷ್ಟೇ ಸೇರಿಸುವ ವಾಲ್ವ್ (ನಿರ್ವಾತ ನಳಿಕೆಯ) ಆಂಪ್ಲಿಫೈಯರಿನಲ್ಲಿ ಶೇಕಡಾ 1ರಷ್ಟು ವಿರೂಪವಿದ್ದರೂ ಅದು ಸಂಗೀತ ಕೇಳುವಾಗ ಗಮನಕ್ಕೆ ಬಾರದಿರಬಹುದು, ಮೇಲ್ಕ್ರಮಾಂಕದ ವಿರೂಪ ಅದರ ಹತ್ತನೇ ಒಂದರಷ್ಟಿದ್ದರೂ ಕರ್ಕಶವಾಗಿ ಕೇಳಬಹುದು. ಎಲ್ಲ ಹಾರ್ಮೋನಿಕ್‌ಗಳನ್ನು ಕೂಡಿಸಿ ಹೇಳುವ ಒಂದೇ ಶೇಕಡಾವಾರು ಅಂಕಿ ಈ ಭೇದವನ್ನು ಪೂರ್ತಿ ಅಳಿಸಿಹಾಕುತ್ತದೆ. ಪ್ರತಿಯೊಂದು ಹಾರ್ಮೋನಿಕ್ಕಿಗೂ ಅದರ ಕ್ರಮಾಂಕದ ವರ್ಗಕ್ಕೆ ತಕ್ಕಂತೆ ಹೆಚ್ಚಿನ ತೂಕ ಕೊಟ್ಟು ಲೆಕ್ಕಹಾಕಬೇಕೆಂದು ಬಿಬಿಸಿಯ ಎಂಜಿನಿಯರ್ ಡಿ. ಇ. ಎಲ್. ಶಾರ್ಟರ್ 1950ರಲ್ಲಿಯೇ ಸೂಚಿಸಿದ್ದರು. ಉದ್ಯಮ ಆ ಸಲಹೆಯನ್ನು ಕೈಗೆತ್ತಿಕೊಳ್ಳದೆ ಒಂದೇ ಅಂಕಿಗೆ ಅಂಟಿಕೊಂಡದ್ದು ದೊಡ್ಡ ನಷ್ಟ.

ಆ ನಷ್ಟ ಎಂಥದೆಂಬುದು 1960ರ ದಶಕದಲ್ಲಿ, ವಾಲ್ವ್‌ಗಳ ಜಾಗಕ್ಕೆ ಟ್ರಾನ್ಸಿಸ್ಟರುಗಳು ಬಂದಾಗ ತಿಳಿಯಿತು. ಆಗಿನ ಹಲವು ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳಲ್ಲಿ ತರಂಗದ ಧನಾರ್ಧವನ್ನು ಒಂದು ಟ್ರಾನ್ಸಿಸ್ಟರ್, ಋಣಾರ್ಧವನ್ನು ಇನ್ನೊಂದು ಹೊತ್ತು ನಡೆಸುತ್ತಿದ್ದವು; ಒಂದರಿಂದ ಇನ್ನೊಂದಕ್ಕೆ ಹೊಣೆ ದಾಟುವ ಶೂನ್ಯದ ಆಸುಪಾಸಿನಲ್ಲಿ ತರಂಗಕ್ಕೆ ಸಣ್ಣ ಮೆಟ್ಟಿಲಿನಂಥ ಮುರುಕು ಬೀಳುತ್ತಿತ್ತು. ಇದಕ್ಕೆ ಕ್ರಾಸ್‌ಓವರ್ ವಿರೂಪವೆಂದು ಹೆಸರು. ಸಂಕೇತ ದೊಡ್ಡದಿದ್ದಾಗ ಈ ಮುರುಕು ಅದರ ಅಲ್ಪಾಂಶವಾಗುತ್ತದೆ, ಸಂಕೇತ ಚಿಕ್ಕದಾದಂತೆ ಅದರ ಪಾಲು ಬೆಳೆಯುತ್ತದೆ. ತಯಾರಕರು ಪೂರ್ಣ ಶಕ್ತಿಯಲ್ಲಿ ಅಳೆದು ಸೊಗಸಾದ ಅಂಕಿಗಳನ್ನು ಮುದ್ರಿಸುತ್ತಿದ್ದರು. ಮನೆಯಲ್ಲಿ ಜನ ಸಂಗೀತ ಕೇಳುವುದು ಬಹುಪಾಲು ಒಂದು ವ್ಯಾಟಿಗೂ ಕಡಿಮೆ ಶಕ್ತಿಯಲ್ಲಿ. ಅಂಕಿಯ ಪ್ರಕಾರ ಕೆಳದರ್ಜೆಯದಾದ ಹಳೆಯ ವಾಲ್ವ್ ಯಂತ್ರವೇ ಇಂಪೆಂದು ಹೇಳಿದ ಕೇಳುಗರನ್ನು ಹಳೆಯದರ ಮೋಹಿಗಳೆಂದು ತಳ್ಳಿಹಾಕಿದವರದೇ ತಪ್ಪಾಗಿತ್ತು. ಇಲ್ಲಿ ಕಿವಿ ಅಳತೆಯನ್ನು ತಿದ್ದಿತು, ಮತ್ತು ಅಳತೆಯ ಶಾಸ್ತ್ರ ಆ ತಿದ್ದುಪಡಿಯಿಂದ ಬಲಗೊಂಡಿತು.

ಇಂಥ ಒಂದು ಗೆಲುವನ್ನು ಹಿಡಿದುಕೊಂಡು ಕಿವಿಯೇ ಅಂತಿಮ ನ್ಯಾಯಾಧೀಶ ಎಂದು ಸಾರಿದ ವಿಮರ್ಶಾ ಸಂಪ್ರದಾಯವೊಂದು ಅಮೆರಿಕದಲ್ಲಿ ಬೆಳೆಯಿತು. 1962ರಲ್ಲಿ ಜೆ. ಗೋರ್ಡನ್ ಹೋಲ್ಟ್ ಸ್ಥಾಪಿಸಿದ ಸ್ಟೀರಿಯೊಫೈಲ್, 1973ರಲ್ಲಿ ಹ್ಯಾರಿ ಪಿಯರ್ಸನ್ ಆರಂಭಿಸಿದ ದಿ ಅಬ್ಸೊಲ್ಯೂಟ್ ಸೌಂಡ್ ಪತ್ರಿಕೆಗಳು ಅದರ ನೆಲೆಗಳು. ಕೇಳಿದ್ದನ್ನು ವರ್ಣಿಸುವ ಶಬ್ದಸಂಪತ್ತನ್ನು ಕಟ್ಟಿಕೊಟ್ಟ ಶ್ರೇಯಸ್ಸು ಈ ಪತ್ರಿಕೆಗಳಿಗೆ ಸಲ್ಲಬೇಕು. ಆದರೆ ಕಿವಿ ಯಾವಾಗ ಸೋಲುತ್ತದೆ ಎಂಬ ಪ್ರಶ್ನೆಯನ್ನು ಆ ಸಂಪ್ರದಾಯ ಸಾಕಷ್ಟು ಗಂಭೀರವಾಗಿ ಕೇಳಿಕೊಳ್ಳಲಿಲ್ಲ. ಎರಡು ಆಂಪ್ಲಿಫೈಯರುಗಳಲ್ಲಿ ಒಂದರ ಧ್ವನಿಮಟ್ಟ ಅರ್ಧ ಡೆಸಿಬೆಲ್‌ನಷ್ಟು ಹೆಚ್ಚಿದ್ದರೆ, ಕೇಳುಗನಿಗೆ ಅದು ಜೋರಾಗಿದೆ ಎನ್ನಿಸುವ ಬದಲು ಹೆಚ್ಚು ಸ್ಪಷ್ಟವಾಗಿದೆ, ಜೀವಂತವಾಗಿದೆ ಎನ್ನಿಸುತ್ತದೆ. ಆದ್ದರಿಂದ ಹೋಲಿಕೆಗೆ ಮೊದಲು ಎರಡರ ಮಟ್ಟವನ್ನೂ ಮೀಟರಿನಿಂದ ಅಳೆದು 0.1 ಅಥವಾ 0.2 ಡೆಸಿಬೆಲ್‌ನೊಳಗೆ ಸರಿಹೊಂದಿಸುವುದು ಅಗತ್ಯ. ಕಿವಿಯ ಅಂದಾಜಿನಿಂದ ಇದು ಆಗುವ ಕೆಲಸವಲ್ಲ. ಇದಕ್ಕಿಂತ ದೊಡ್ಡ ತೊಡಕು ಕಣ್ಣಿನದು. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 40 ಕೇಳುಗರು ಅವೇ ಸ್ಪೀಕರುಗಳಿಗೆ ಪರದೆಯ ಹಿಂದೆ ಇಟ್ಟಾಗ ಒಂದು ಬಗೆಯ ಅಂಕವನ್ನೂ ಕಣ್ಣೆದುರು ಇಟ್ಟಾಗ ಇನ್ನೊಂದು ಬಗೆಯ ಅಂಕವನ್ನೂ ಕೊಟ್ಟರು. ಅನುಭವಿ ಕೇಳುಗರೂ ಇದಕ್ಕೆ ಹೊರತಾಗಲಿಲ್ಲ. ಒಂದರಿಂದ ಒಂದಕ್ಕೆ ನಿಜವಾಗಿಯೂ ಎದ್ದು ಕಾಣುವ ಭೇದವಿರುವ ಸ್ಪೀಕರುಗಳ ವಿಷಯದಲ್ಲೇ ಕಂಡದ್ದು ಕೇಳಿದ್ದನ್ನು ಹೀಗೆ ಬದಲಿಸುವುದಾದರೆ, ಭೇದ ಅತಿ ಸೂಕ್ಷ್ಮವಾದ ಆಂಪ್ಲಿಫೈಯರುಗಳ ವಿಷಯದಲ್ಲಿ ದಪ್ಪ ಅಲ್ಯೂಮಿನಿಯಂ ಮುಖಫಲಕ, ತೂಕ, ಬೆಲೆ ಇವುಗಳ ಪ್ರಭಾವ ಎಷ್ಟಿರಬಹುದೆಂದು ಊಹಿಸಬಹುದು.

ಈ ಚರ್ಚೆಗೆ 1985ರ ಒಂದು ಪ್ರಯೋಗ ವಿಶೇಷ ಬೆಳಕು ಚೆಲ್ಲುತ್ತದೆ. ಬಾಬ್ ಕಾರ್ವರ್ ಎಂಬ ಅಮೆರಿಕನ್ ವಿನ್ಯಾಸಕ, ಸ್ಟೀರಿಯೊಫೈಲ್ ಪತ್ರಿಕೆಯವರು ಆರಿಸಿದ ಯಾವುದೇ ದುಬಾರಿ ಆಂಪ್ಲಿಫೈಯರಿನ ಧ್ವನಿಯನ್ನು ತನ್ನ ಅಗ್ಗದ ಟ್ರಾನ್ಸಿಸ್ಟರ್ ಯಂತ್ರದಲ್ಲಿ ಎರಡು ದಿನದೊಳಗೆ ತರಬಲ್ಲೆನೆಂದು ಪಂಥ ಕಟ್ಟಿದರು. ಪತ್ರಿಕೆ ಆರಿಸಿದ್ದು ಒಂದು ಬೆಲೆಬಾಳುವ ವಾಲ್ವ್ ಆಂಪ್ಲಿಫೈಯರ್. ಎರಡಕ್ಕೂ ಒಂದೇ ಸಂಕೇತ ಕೊಟ್ಟು, ಒಂದರ ಫಲದಿಂದ ಇನ್ನೊಂದರ ಫಲವನ್ನು ಕಳೆದು, ಉಳಿಯುವ ಶೇಷವನ್ನು ಕಡಿಮೆ ಮಾಡುತ್ತ ಹೋಗುವುದು ಕಾರ್ವರ್ ಅನುಸರಿಸಿದ ವಿಧಾನ. ಶೇಷ 70 ಡೆಸಿಬೆಲ್‌ನಷ್ಟು ಕೆಳಗಿಳಿದಾಗ, ಅಂದರೆ ವೋಲ್ಟೇಜಿನಲ್ಲಿ ಸುಮಾರು ಮೂರು ಸಾವಿರದಲ್ಲಿ ಒಂದು ಭಾಗವಾದಾಗ, ವ್ಯತ್ಯಾಸ ಗುರುತಿಸಲಾಗಲಿಲ್ಲವೆಂದು ಪತ್ರಿಕೆಯೇ ಒಪ್ಪಿ ಬರೆಯಿತು. ಮುಂದೆ ಕಾರ್ಖಾನೆಯಲ್ಲಿ ತಯಾರಾದ ಪ್ರತಿಗಳ ಬಗ್ಗೆ ವಿವಾದ ಎದ್ದಿತಾದರೂ ಮೂಲ ಫಲಿತಾಂಶದ ಅರ್ಥ ಅದರಿಂದ ಕುಂದುವುದಿಲ್ಲ. ವಾಲ್ವ್ ಯಂತ್ರದ ಹಿಡಿತಕ್ಕೆ ಸಿಗದ ಚೆಲುವೆಂದು ವರ್ಣಿತವಾದದ್ದರ ಬಹುಭಾಗ ಅದರ ಹೊರರೋಧದಂಥ ಸಾಮಾನ್ಯ ಗುಣಗಳಲ್ಲಿ ಅಡಗಿತ್ತು. ಹೊರರೋಧವೆಂದರೆ ಯಂತ್ರ ತನ್ನ ಫಲವನ್ನು ಸ್ಪೀಕರಿಗೆ ಒಪ್ಪಿಸುವಾಗ ನಡುವೆ ತಾನೇ ಒಡ್ಡುವ ಪ್ರತಿರೋಧ. ಸ್ಪೀಕರಿನ ಪ್ರತಿರೋಧ ಸ್ವರಕ್ಕೆ ತಕ್ಕಂತೆ 4 ಓಮ್‌ನಿಂದ 20 ಓಮ್‌ವರೆಗೆ ಏರಿಳಿಯುತ್ತದೆಂದು ಇಟ್ಟುಕೊಂಡರೆ, 1 ಓಮ್ ಹೊರರೋಧದ ಆಂಪ್ಲಿಫೈಯರ್ ಕೆಲವು ಸ್ವರಗಳನ್ನು ಉಳಿದವುಗಳಿಗಿಂತ ಸುಮಾರು 1.5 ಡೆಸಿಬೆಲ್ ಎತ್ತಿ ಕೊಡುತ್ತದೆ; ಹೊರರೋಧ 0.05 ಓಮ್ ಇರುವ ಯಂತ್ರದಲ್ಲಿ ಈ ಅಂತರ 0.1 ಡೆಸಿಬೆಲ್‌ಗೂ ಕಡಿಮೆ. ಮೊದಲನೆಯದು ಕಿವಿಗೆ ಖಂಡಿತ ಗೊತ್ತಾಗುತ್ತದೆ. ಅದನ್ನು ಕೇಳಿದ ವಿಮರ್ಶಕ ಸುಳ್ಳು ಹೇಳುತ್ತಿಲ್ಲ; ಆದರೆ ಆತ ವರ್ಣಿಸುತ್ತಿರುವುದು ಆ ಸ್ಪೀಕರಿನೊಡನೆ ಆ ಯಂತ್ರದ ಸಂಬಂಧವನ್ನು, ಮತ್ತು ಬೇರೆ ಸ್ಪೀಕರ್ ಇರುವ ಓದುಗನ ಮನೆಯಲ್ಲಿ ಆ ವರ್ಣನೆ ಸಲ್ಲದೆ ಹೋಗಬಹುದು.

ಪ್ರಮಾಣಗಳ ಬಗ್ಗೆ ನ್ಯಾಯದರ್ಶನ ನಡೆಸಿದ ವಿಚಾರ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಇಂದ್ರಿಯ ವಿಷಯವನ್ನು ಮುಟ್ಟಿದಾಕ್ಷಣ ಹುಟ್ಟಿದ ಅರಿವೆಲ್ಲವನ್ನೂ ಗೌತಮನ ಸೂತ್ರಗಳು ಪ್ರತ್ಯಕ್ಷವೆಂದು ಒಪ್ಪುವುದಿಲ್ಲ. ಆ ಅರಿವು ಹೆಸರಿನ ಲೇಪವಿಲ್ಲದ್ದಾಗಿರಬೇಕು, ತಪ್ಪದಂಥದ್ದಾಗಿರಬೇಕು, ಸಂಶಯರಹಿತವಾಗಿರಬೇಕು. ತಯಾರಕನ ಹೆಸರು, ಬೆಲೆ ತಿಳಿದಿರುವಾಗ ಮೂಡಿದ ಅನಿಸಿಕೆ ಮೊದಲನೆಯ ನಿಬಂಧನೆಯಲ್ಲೇ ಸೋಲುತ್ತದೆಂದು ಹೇಳಿದರೆ ಆ ಸೂತ್ರವನ್ನು ತುಸು ಹಿಗ್ಗಿಸಿದಂತಾದರೂ ಅದರ ಆಶಯಕ್ಕೆ ದ್ರೋಹವಾಗದು. ಇನ್ನೂ ಮುಖ್ಯವಾದ ಸಂಗತಿಯೆಂದರೆ, ವಿಮರ್ಶಕನಿಗೆ ಪ್ರತ್ಯಕ್ಷವಾದದ್ದು ಓದುಗನಿಗೆ ಪ್ರತ್ಯಕ್ಷವಲ್ಲ, ಶಬ್ದಪ್ರಮಾಣ. ಅದರ ಬಲವೆಲ್ಲ ಹೇಳುವವನು ಆಪ್ತನೇ, ಅಂದರೆ ವಿಷಯವನ್ನು ಬಲ್ಲವನೂ ಇದ್ದದ್ದನ್ನು ಇದ್ದಂತೆ ಹೇಳುವವನೂ ಹೌದೇ ಎಂಬುದರ ಮೇಲೆ ನಿಂತಿದೆ. ಪ್ರಾಮಾಣಿಕತೆ ಒಂದಿದ್ದರೆ ಸಾಲದು, ಬಲ್ಲವನಾಗಿರಬೇಕು. ಮಟ್ಟ ಸರಿಹೊಂದಿಸದೆ, ಹೆಸರು ಮರೆಮಾಡದೆ ಕೇಳಿದವನು ಬಲ್ಲವನಾಗುವ ಅವಕಾಶವನ್ನೇ ಬಿಟ್ಟುಕೊಟ್ಟಿದ್ದಾನೆ.

ಹೆಸರು ಮರೆಮಾಡುವ ಪರೀಕ್ಷೆಗಳಲ್ಲಿ ಎಬಿಎಕ್ಸ್ ಎಂಬುದು ಪ್ರಸಿದ್ಧ. ಎ, ಬಿ ಎಂಬ ಎರಡು ಯಂತ್ರಗಳನ್ನು ಕೇಳಿದ ಮೇಲೆ ಎಕ್ಸ್ ಎಂಬುದು ಅವೆರಡರಲ್ಲಿ ಯಾವುದೆಂದು ಕೇಳುಗ ಹೇಳಬೇಕು. 16 ಸಲ ಕೇಳಿಸಿದಾಗ 12 ಅಥವಾ ಹೆಚ್ಚು ಸಲ ಬರಿಯ ಊಹೆಯಿಂದ ಸರಿಯುತ್ತರ ಬರುವ ಸಂಭವ ಶೇಕಡಾ 4ಕ್ಕಿಂತ ಕಡಿಮೆಯಾದ್ದರಿಂದ, ಅಷ್ಟು ಗೆದ್ದವನಿಗೆ ಏನೋ ನಿಜವಾಗಿ ಕೇಳಿಸಿದೆ ಎಂದು ಒಪ್ಪಬಹುದು. ಪರೀಕ್ಷೆಯ ಒತ್ತಡದಲ್ಲಿ ಕಿವಿ ಮಂಕಾಗುತ್ತದೆ, ಸೂಕ್ಷ್ಮ ಗುಣಗಳು ವಾರಗಟ್ಟಲೆ ಒಡನಾಡಿದ ಮೇಲಷ್ಟೇ ತೆರೆದುಕೊಳ್ಳುತ್ತವೆ ಎಂಬ ಆಕ್ಷೇಪವನ್ನು ಹಗುರವಾಗಿ ಕಾಣಬಾರದು. ಗುರುತಿಸಲಾಗದೆ ಹೋದದ್ದು ಭೇದವೇ ಇಲ್ಲವೆಂಬುದಕ್ಕೆ ಪುರಾವೆಯಲ್ಲ ಎಂಬುದೂ ತರ್ಕಶುದ್ಧವಾದ ಮಾತು. ಆದರೆ ಮರೆಮಾಡುವುದಕ್ಕೂ ಅವಸರಪಡಿಸುವುದಕ್ಕೂ ಯಾವ ಅವಿನಾಭಾವವೂ ಇಲ್ಲ. ಎರಡು ಯಂತ್ರಗಳನ್ನೂ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಕೇಳುಗನ ಮನೆಯಲ್ಲೇ, ಅವನ ಆಯ್ಕೆಯ ಸಂಗೀತದೊಡನೆ, ತಿಂಗಳುಗಟ್ಟಲೆ ಬಿಡಬಹುದು. ಆಕ್ಷೇಪ ಎತ್ತುವವರು ಇಂಥ ದೀರ್ಘ ಪರೀಕ್ಷೆಯನ್ನು ತಾವಾಗಿ ಏರ್ಪಡಿಸಬೇಕಿತ್ತು. ಅದರಲ್ಲಿ ಗೆದ್ದು ಬಂದ ಒಂದೇ ಒಂದು ಶ್ರವಣಾನುಭವ ನೂರು ಪುಟಗಳ ವರ್ಣನೆಗಿಂತ ಹೆಚ್ಚು ಬೆಲೆಯುಳ್ಳದ್ದಾಗುತ್ತದೆ, ಏಕೆಂದರೆ ಅಳತೆಗಳಿಗೆ ಇನ್ನೂ ಸಿಕ್ಕದ ಏನೋ ಇದೆಯೆಂದು ಅದು ತೋರಿಸಿಕೊಡುತ್ತದೆ, ಎಂಜಿನಿಯರುಗಳು ಅದನ್ನು ಹುಡುಕಲೇಬೇಕಾಗುತ್ತದೆ.

ಡಿ ವರ್ಗದ ಆಂಪ್ಲಿಫೈಯರುಗಳು, ಅಂದರೆ ಸಂಕೇತವನ್ನು ಅತಿ ವೇಗದ ಸ್ವಿಚ್ ಮಿಡಿತಗಳಾಗಿ ಮಾರ್ಪಡಿಸಿ ವರ್ಧಿಸುವಂಥವು, ಬ್ರೂನೊ ಪುಟ್ಜಿಸ್ ಮುಂತಾದವರ ವಿನ್ಯಾಸದಿಂದ ಇಂದು ವಿರೂಪವನ್ನು ಶೇಕಡಾ 0.001ರ ಆಸುಪಾಸಿಗೆ ಇಳಿಸಿವೆ, ಅದೂ ಸಾಧಾರಣ ಬೆಲೆಯಲ್ಲಿ. ಹೀಗಿರುವಾಗ ಹೊಸ ಯಂತ್ರದ ವಿಮರ್ಶಕನಿಂದ ಓದುಗ ಬಯಸಬೇಕಾದ ವಿವರಗಳು ಬೇರೆ: ಯಾವ ಸ್ಪೀಕರಿನೊಡನೆ, ಎಷ್ಟು ದೊಡ್ಡ ಕೋಣೆಯಲ್ಲಿ, ಯಾವ ಮಟ್ಟದಲ್ಲಿ ಕೇಳಲಾಯಿತು, ಶಕ್ತಿಯ ಮಿತಿ ದಾಟಿದಾಗ ಯಂತ್ರ ಹೇಗೆ ವರ್ತಿಸಿತು, ಸಂಗೀತ ನಿಂತಾಗ ಸ್ಪೀಕರಿನಿಂದ ಗುಂಯ್‌ಗುಡುವಿಕೆ ಕೇಳುತ್ತದೆಯೇ. ಕರ್ನಾಟಕದ ಕೊಳ್ಳುಗನಿಗೆ ಇನ್ನೆರಡು ವಿವರಗಳು ಬೇಕು. ಒಂದು, ಯಂತ್ರ ಎಷ್ಟು ಬಿಸಿಯಾಗುತ್ತದೆಂಬುದು. ಎ ವರ್ಗದ ಯಂತ್ರ, ಸಂಗೀತವಿರಲಿ ಬಿಡಲಿ, ಪೂರ್ಣ ವಿದ್ಯುತ್ತನ್ನು ಎಳೆದು ಅದರ ಬಹುಪಾಲನ್ನು ಶಾಖವಾಗಿ ಹೊರಹಾಕುತ್ತದೆ. ಕಲಬುರಗಿಯ ಅಥವಾ ರಾಯಚೂರಿನ ಬೇಸಗೆಯಲ್ಲಿ ಅದನ್ನು ಮುಚ್ಚಿದ ಕಪಾಟಿನಲ್ಲಿಡುವಂತಿಲ್ಲ, ತೆರೆದಿಟ್ಟರೆ ತಂಪು ಮಾಡಲು ಹಾಕಿದ ಫ್ಯಾನಿನ ಸದ್ದು ಕೊಂಡ ನಿಶ್ಶಬ್ದವನ್ನು ನುಂಗುತ್ತದೆ. ವೋಲ್ಟೇಜ್ ಇಳಿದ ಸಂಜೆಗಳಲ್ಲಿ ಅದರ ಶಕ್ತಿ ಎಷ್ಟು ಕುಗ್ಗುತ್ತದೆಂಬುದು ಇನ್ನೊಂದು ವಿವರ. ಅದನ್ನು ಅಳೆಯುವುದಕ್ಕೆ ವೋಲ್ಟೇಜನ್ನು ಬೇಕಾದಂತೆ ಏರಿಳಿಸುವ ಒಂದು ವೇರಿಯಾಕ್ ಮತ್ತು ಒಂದು ಮಧ್ಯಾಹ್ನ ಸಾಕು.